ಗಲ್ಲು ಶಿಕ್ಷೆ ಬೇಕೇ, ಬೇಡವೇ?

ಪರ: ಇರಲೇಬೇಕು

1993ರ ಏಪ್ರಿಲ್ 9ರಂದು ಮಲೆ ಮಹದೇಶ್ವರ ಬೆಟ್ಟದಾಚೆ, ಪಾಲಾರ್ ಬಳಿ ವೀರಪ್ಪನ್ ಗುಂಪು ನೆಲಬಾಂಬ್ ಸಿಡಿಸಿ 22 ಜನರನ್ನು ಕೊಂದಿತು. ಅಪ್ಪ ಆಗ ಕೊಳ್ಳೇಗಾಲದಲ್ಲಿ ಪೇದೆ. ಮೂರನೇ ದಿನ ಮನೆಗೆ ಬಂದವರು ಹಿತ್ತಲ ಹಂಡೆ ಹತ್ತಿರ ಕೂತು ಕೈ ತೊಳೆಯುತ್ತಲೇ ಇದ್ದರು. ಅವ್ವ ಊಟಕ್ಕೆ ಕರೆದರೂ ಏಳಲಿಲ್ಲ. ಜೊತೆಯವನೊಬ್ಬನನ್ನು "ಬೂಟು ನೋಡಿ ಗುರುತು ಹಿಡಿದೆ" ಅಂದರು. ಆಮೇಲೆ ಎಂದೂ ಆ ಮಾತು ಎತ್ತಲಿಲ್ಲ.

ಭಯೋತ್ಪಾದನೆ ತಡೆ ಕಾಯ್ದೆಯಡಿ ನಡೆಯುತ್ತಿದ್ದ ಮೈಸೂರಿನ ಟಾಡಾ ಕೋರ್ಟು ನಾಲ್ವರಿಗೆ ಜೀವಾವಧಿ ಕೊಟ್ಟಿತ್ತು. 2004ರಲ್ಲಿ ಸುಪ್ರೀಂ ಕೋರ್ಟೇ ಅದನ್ನು ಗಲ್ಲಿಗೆ ಏರಿಸಿತು. ಕ್ಷಮಾದಾನದ ಅರ್ಜಿ ಒಂಬತ್ತು ವರ್ಷ ದೆಹಲಿಯಲ್ಲಿ ಕೊಳೆಯಿತು. ತಡವಾಯಿತು ಅಂತ 2014ರಲ್ಲಿ ಶಿಕ್ಷೆ ಮತ್ತೆ ಜೀವಾವಧಿಗೆ ಇಳಿಯಿತು. ಸರ್ಕಾರ ತಡ ಮಾಡಿದರೆ ಲಾಭ ಕೊಂದವರಿಗಾ? ಅಪ್ಪ ಅವತ್ತು ಟಿವಿ ಆರಿಸಿ ಎದ್ದು ಹೋದರು.

ಗಲ್ಲು ಬೇಡ ಅನ್ನುವವರು ಸತ್ತವರ ಮನೆಗೆ ಒಂದು ಸಲವಾದರೂ ಹೋಗಿದ್ದಾರಾ? ಅವರ ಕಣ್ಣೀರೆಲ್ಲ ಕೊಂದವನಿಗೇ. ತೀರ್ಪು ತಪ್ಪಾಗಬಹುದು ಅಂತಾರೆ. ಆಪರೇಷನ್ನಿನಲ್ಲೂ ತಪ್ಪಾಗುತ್ತದೆ, ಆಸ್ಪತ್ರೆ ಮುಚ್ಚುತ್ತೇವಾ? ಸುಪ್ರೀಂ ಕೋರ್ಟಿನ 1980ರ ತೀರ್ಪಿನಿಂದೀಚೆಗೆ ಗಲ್ಲು ಇರುವುದೇ ಅಪರೂಪದಲ್ಲಿ ಅಪರೂಪದ ಪ್ರಕರಣಕ್ಕೆ. 22 ಜನರ ಸಾವು ಅಪರೂಪ ಅಲ್ವಾ? ಕೊಂದವನು ಉಣ್ಣುತ್ತಾ, ಮಲಗುತ್ತಾ ಇರುವುದನ್ನು ಆ ಮನೆಯವರು ಇನ್ನೆಷ್ಟು ವರ್ಷ ಸಹಿಸಬೇಕು?

ವಿರೋಧ: ಬೇಡ

ಬೇಡ ಅನ್ನುವ ಪಕ್ಷ ವಹಿಸಲು ನನ್ನನ್ನು ಕೇಳಿದರು. ಬಾಂಬ್ ಇಟ್ಟು ಜನರನ್ನು ಕೊಂದವರ ವಿಷಯದಲ್ಲಿ ನನಗೂ ಗಟ್ಟಿಯಾಗಿ ಹೇಳಲು ಆಗುವುದಿಲ್ಲ. ಗಲ್ಲು ತೆಗೆಯಿರಿ ಎಂದ 2015ರ ಕಾನೂನು ಆಯೋಗದ ವರದಿಯೂ ಭಯೋತ್ಪಾದನೆಯನ್ನು ಮತ್ತು ದೇಶದ ವಿರುದ್ಧದ ಯುದ್ಧವನ್ನು ಹೊರಗಿಟ್ಟಿತ್ತು. ಉಳಿದ ಪ್ರಕರಣಗಳಲ್ಲಿ ಬೇಡ ಅನ್ನಲು ನನಗೆ ಒಂದೇ ಘಟನೆ ಸಾಕು.

ಮಹಾರಾಷ್ಟ್ರದ ಅಲೆಮಾರಿ ಸಮುದಾಯದ ಆರು ಜನ ಬಡವರಿಗೆ 2009ರಲ್ಲಿ ಸುಪ್ರೀಂ ಕೋರ್ಟು ಗಲ್ಲು ಎಂದಿತು. 2019ರಲ್ಲಿ ಅದೇ ಕೋರ್ಟು ಆರೂ ಜನರನ್ನು ಖುಲಾಸೆ ಮಾಡಿ, ತಲಾ 5 ಲಕ್ಷ ಪರಿಹಾರ ಕೊಡಿ ಎಂದಿತು. ನಡುವೆ ಯಾವತ್ತೋ ಒಂದು ದಿನ ನೇಣು ಹಾಕಿದ್ದರೆ ಆ ದುಡ್ಡನ್ನು ಯಾರ ಕೈಗೆ ಕೊಡುತ್ತಿದ್ದರು?

ನಮ್ಮಲ್ಲೂ ಪರಿಸ್ಥಿತಿ ಚೆನ್ನಾಗಿಲ್ಲ. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಗಲ್ಲಿನ ಕೈದಿಯೊಬ್ಬನನ್ನು ಸುಮಾರು ಹತ್ತು ವರ್ಷ ಒಂಟಿ ಕೋಣೆಯಲ್ಲಿ ಇಟ್ಟಿದ್ದರು. ಇದು ಕಾನೂನಿಗೆ ವಿರುದ್ಧ ಎಂದ ಸುಪ್ರೀಂ ಕೋರ್ಟು 2022ರಲ್ಲಿ ಅವನ ಶಿಕ್ಷೆಯನ್ನು ಕನಿಷ್ಠ 30 ವರ್ಷದ ಸೆರೆಗೆ ಇಳಿಸಿತು. ಅಂಥ ಸೆರೆಯನ್ನು ಮೊದಲೇ ಕೊಡಬಹುದಿತ್ತು.