ವಿಯೆನ್ನಾದಲ್ಲಿ ಒಂದು ರಾತ್ರಿ, ಈ ಸಲ ಪಟ್ಟಿ ಇಲ್ಲದೆ

ತಂಗಿ ಜೂನ್‌ನಲ್ಲಿ ಬೆಂಗಳೂರಿಂದ ಮ್ಯೂನಿಕ್‌ಗೆ ಬರುತ್ತಿದ್ದಾಳೆ. ಬಂದ ಮೊದಲ ಶನಿವಾರವೇ ನಾವಿಬ್ಬರೂ ವಿಯೆನ್ನಾಕ್ಕೆ ಹೊರಡುತ್ತೇವೆ. ಅರಮನೆ ನೋಡುವುದಕ್ಕಲ್ಲ. 'ಬಿಫೋರ್ ಸನ್‌ರೈಸ್' ಸಿನಿಮಾಕ್ಕಾಗಿ. ಮೈಸೂರಿನ ಬಾಡಿಗೆ ರೂಮಿನಲ್ಲಿ ಒಂದೇ ಲ್ಯಾಪ್‌ಟಾಪ್ ಮುಂದೆ, ಇಯರ್‌ಫೋನಿನ ಒಂದು ತುದಿ ನನಗೆ, ಒಂದು ಅವಳಿಗೆ ಅಂತ ಹಂಚಿಕೊಂಡು ನೋಡಿದ ಸಿನಿಮಾ ಅದು. ಆಮೇಲೆ 'ಬಿಫೋರ್ ಸನ್‌ಸೆಟ್', 'ಬಿಫೋರ್ ಮಿಡ್‌ನೈಟ್' ಕೂಡ ಸೇರಿ ಎಷ್ಟು ಸಲ ನೋಡಿದ್ದೇವೆ ಅಂತ ಲೆಕ್ಕ ಇಟ್ಟಿಲ್ಲ.

ನೋಡದೇ ಇರುವವರಿಗೆ ಎರಡು ಮಾತು. 1995ರ ಸಿನಿಮಾ, ರಿಚರ್ಡ್ ಲಿಂಕ್ಲೇಟರ್ ನಿರ್ದೇಶನ. ಅಮೆರಿಕದ ಹುಡುಗ ಜೆಸ್ಸಿ, ಪ್ಯಾರಿಸ್ಸಿನ ಹುಡುಗಿ ಸೆಲಿನ್ ರೈಲಿನಲ್ಲಿ ಪರಿಚಯವಾಗಿ ವಿಯೆನ್ನಾದಲ್ಲಿ ಇಳಿಯುತ್ತಾರೆ. ಅವನಿಗೆ ಬೆಳಗ್ಗೆ ವಿಮಾನ, ಹೋಟೆಲ್ಲಿಗೆ ದುಡ್ಡಿಲ್ಲ. ಬೆಳಕು ಹರಿಯುವವರೆಗೆ ಊರು ಸುತ್ತುತ್ತಾ ಮಾತಾಡುತ್ತಾರೆ. ಅಷ್ಟೇ ಕಥೆ. ಇದೇ ಜೋಡಿಯ ಕಥೆ ಮುಂದುವರಿದು ಒಂಬತ್ತು ವರ್ಷ ಬಿಟ್ಟು 2004ರಲ್ಲಿ ಎರಡನೇ ಸಿನಿಮಾ, ಪ್ಯಾರಿಸ್‌ನಲ್ಲಿ. ಮತ್ತೆ ಒಂಬತ್ತು ವರ್ಷಕ್ಕೆ 2013ರಲ್ಲಿ ಮೂರನೆಯದು, ಗ್ರೀಸ್‌ನಲ್ಲಿ. ನಟರೂ ಅದೇ ಈಥನ್ ಹಾಕ್, ಅದೇ ಜೂಲಿ ಡೆಲ್ಪಿ, ನಿಜವಾಗಿಯೂ ಅಷ್ಟು ವಯಸ್ಸಾದ ಮೇಲೆ.

ಮೂರು ವರ್ಷದ ಹಿಂದೆ ನಾನೊಬ್ಬಳೇ ಒಂದು ಸಲ ಹೋಗಿ ಬಂದಿದ್ದೆ. ಈ ಪೋಸ್ಟ್ ಬರೆಯುತ್ತಿರುವುದು ಅದೇ ಕಾರಣಕ್ಕೆ. ಅವತ್ತು ಫೋನಿನಲ್ಲಿ ಹನ್ನೊಂದು ಜಾಗದ ಪಟ್ಟಿ ಇತ್ತು. ಸಿನಿಮಾದಲ್ಲಿ ಬರುವ ಕ್ರಮದಲ್ಲೇ ನೋಡಬೇಕು ಅಂತ ಹಟ. ಸಿನಿಮಾದಲ್ಲಿ ಹಾಡಿನ ರೆಕಾರ್ಡ್ ಅಂಗಡಿ ಆದಮೇಲೆ ಸ್ಮಶಾನ, ಸ್ಮಶಾನ ಆದಮೇಲೆ ಜಯಂಟ್ ವೀಲ್. ತೆರೆಯ ಮೇಲೆ ನೋಡುವಾಗ ಎಲ್ಲಾ ಪಕ್ಕಪಕ್ಕದಲ್ಲೇ ಇದ್ದ ಹಾಗೆ ಕಾಣುತ್ತದೆ, ಅಲ್ವಾ? ಅಂಗಡಿ ಇರುವುದು ಊರೊಳಗೆ, ಮರಿಯಾಹಿಲ್ಫ್ ಕಡೆ. ಸ್ಮಶಾನ ಊರಿನ ಅಂಚಿನಲ್ಲಿ, ಡಾನ್ಯೂಬ್ ದಡದ ಬಂದರಿನ ಹಿಂದೆ. ಅಲ್ಲಿಂದ ಜಯಂಟ್ ವೀಲ್ ಇರುವ ಪ್ರಾಟರ್ ಪಾರ್ಕಿಗೆ ಬರಬೇಕೆಂದರೆ ಮತ್ತೆ ಬಸ್ಸು, ಮತ್ತೆ ಮೆಟ್ರೋ. ಸಾಲದ್ದಕ್ಕೆ ನಾನು ಹೋಗಿದ್ದು ಭಾನುವಾರ. ಆಸ್ಟ್ರಿಯಾದಲ್ಲಿ ಭಾನುವಾರ ಅಂಗಡಿಗಳು ಬಾಗಿಲು ತೆರೆಯುವುದಿಲ್ಲ. ಜರ್ಮನಿಯಲ್ಲೇ ಇರುವ ನನಗೆ ಇದು ಗೊತ್ತಿರಬೇಕಿತ್ತು. ಬಾಗಿಲು ಹಾಕಿದ ರೆಕಾರ್ಡ್ ಅಂಗಡಿ ಮುಂದೆ ನಿಂತು ಗಾಜಿಗೆ ಮುಖ ಒತ್ತಿ ಒಳಗೆ ನೋಡಿದೆ. ಆಮೇಲೆ ಓಡಿದೆ. ಪ್ರತಿ ಜಾಗದಲ್ಲೂ ಒಂದು ಫೋಟೋ, ಪಟ್ಟಿಯಲ್ಲಿ ಒಂದು ಗೆರೆ. ರಾತ್ರಿ ಎಂಟಕ್ಕೆ ಮುಗಿಯಿತು. ಹೋಟೆಲ್ಲಿಗೆ ಬಂದು ಅತ್ತೆ. ನಿಜ ಹೇಳುತ್ತಿದ್ದೇನೆ, ಆ ಊರಲ್ಲಿ ಸಿನಿಮಾ ಎಲ್ಲೂ ಸಿಗಲೇ ಇಲ್ಲ.

ಒಂದು ಕಡೆ ಬಿಟ್ಟು. ಆ ಸ್ಮಶಾನದಲ್ಲಿ.

ಅದರ ಹೆಸರೇ 'ಹೆಸರಿಲ್ಲದವರ ಸ್ಮಶಾನ'. ಡಾನ್ಯೂಬ್ ನದಿಯಲ್ಲಿ ತೇಲಿಬಂದು ದಡ ಸೇರಿದ ಹೆಣಗಳನ್ನು ಹೂಳುತ್ತಿದ್ದ ಜಾಗ. 1940ರ ನಂತರ ಅಲ್ಲಿ ಯಾರನ್ನೂ ಹೂಳಿಲ್ಲ. ಸುತ್ತಮುತ್ತ ಧಾನ್ಯದ ದೊಡ್ಡ ದೊಡ್ಡ ಗೋದಾಮು, ಪ್ರವಾಹ ತಡೆಯುವ ಏರಿ. ಆ ಏರಿಯ ಕೆಳಗೆ ಮರಗಳ ನಡುವೆ ಕಬ್ಬಿಣದ ಶಿಲುಬೆಗಳ ಸಾಲು. ತುಂಬಾ ಶಿಲುಬೆಗಳ ಮೇಲೆ ಬರೆದಿರುವುದು ಒಂದೇ ಪದ, 'ನಾಮೆನ್‌ಲೋಸ್'. ಹೆಸರಿಲ್ಲ ಅಂತ. ನಮ್ಮ 'ನಾಮ'ವೇ ಅಲ್ಲೂ ಕೂತಿದೆ ನೋಡಿ. ಒಂದು ಸಮಾಧಿಯ ಮೇಲೆ ಯಾರೋ ಮಕ್ಕಳಾಡುವ ಬೊಂಬೆ ಇಟ್ಟು ಹೋಗಿದ್ದರು, ಮಳೆಗೆ ನೆನೆದು ಅದರ ಬಣ್ಣವೆಲ್ಲ ಹೋಗಿತ್ತು. ಸಿನಿಮಾದಲ್ಲಿ ಸೆಲಿನ್ ಇಲ್ಲಿ ಹದಿಮೂರು ವರ್ಷದ ಒಬ್ಬ ಹುಡುಗಿಯ ಸಮಾಧಿ ತೋರಿಸುತ್ತಾಳೆ. ತಾನು ಮೊದಲ ಸಲ ಬಂದಾಗ ತನಗೂ ಹದಿಮೂರೇ, ಈಗ ತನಗೆ ಹತ್ತು ವರ್ಷ ಜಾಸ್ತಿ ಆಗಿದೆ, ಅವಳಿಗೆ ಮಾತ್ರ ಇನ್ನೂ ಹದಿಮೂರೇ ಅನ್ನುತ್ತಾಳೆ. ಅಲ್ಲಿ ಬಸ್ಸು ತಪ್ಪಿತ್ತು. ಬೇರೆ ದಾರಿ ಇಲ್ಲದೆ ಸುಮ್ನೆ ಕೂತಿದ್ದೆ. ಇಡೀ ದಿನದಲ್ಲಿ ನಾನು ಕೂತಿದ್ದು ಅಲ್ಲಿ ಮಾತ್ರ.

ಹಾಗಾಗಿ ನನ್ನ ಅಭಿಪ್ರಾಯ ಇದು, ಜಗಳ ಮಾಡುವವರು ಮಾಡಿ. ಈ ಸಿನಿಮಾ ನೋಡಿ ಆ ಊರಿಗೆ ಹೋಗುವವರು ಜಾಗ ಹುಡುಕಬಾರದು, ಹೊತ್ತು ಹುಡುಕಬೇಕು. ಸಿನಿಮಾದ ಕೊನೆಯಲ್ಲಿ ಲಿಂಕ್ಲೇಟರ್ ಏನು ಮಾಡುತ್ತಾನೆ ನೆನಪಿಸಿಕೊಳ್ಳಿ. ಇಬ್ಬರೂ ಹೊರಟುಹೋದ ಮೇಲೆ ಅವರು ಓಡಾಡಿದ ಜಾಗಗಳನ್ನು ಬೆಳಗಿನ ಬೆಳಕಿನಲ್ಲಿ ಒಂದೊಂದಾಗಿ ತೋರಿಸುತ್ತಾನೆ. ಸೇತುವೆ ಖಾಲಿ. ಪಾರ್ಕಿನ ಹುಲ್ಲಿನ ಮೇಲೆ ಬಾಟಲಿ. ಜಾಗದಲ್ಲಿ ಏನೂ ಉಳಿದಿಲ್ಲ ಅಂತ ಅವನೇ ತೋರಿಸಿದ ಮೇಲೂ ನಾವು ಹೋಗಿ ಅದೇ ಸೇತುವೆ ಮೇಲೆ ನಿಂತು ಫೋಟೋ ತೆಗೆಸಿಕೊಂಡು ಬಂದರೆ ಏನು ಸಿಕ್ಕೀತು?

ಈ ಸಲದ ಯೋಜನೆ ಹೇಳುತ್ತೇನೆ. ಮ್ಯೂನಿಕ್‌ನಿಂದ ವಿಯೆನ್ನಾಕ್ಕೆ ರೈಲಿನಲ್ಲಿ ಸುಮಾರು ನಾಲ್ಕು ಗಂಟೆ. ತಂಗಿಗೆ ಜರ್ಮನಿ, ಆಸ್ಟ್ರಿಯಾ ಎರಡಕ್ಕೂ ನಡೆಯುವ ಶೆಂಗೆನ್ ವೀಸಾ ಇರುವುದರಿಂದ ಬೇರೆ ತಲೆನೋವಿಲ್ಲ. ದೂರದ ರೈಲುಗಳು ಈಗ ಹೆಚ್ಚಾಗಿ ಹೊಸ ಮುಖ್ಯ ನಿಲ್ದಾಣಕ್ಕೆ ಹೋಗುತ್ತವೆ. ಜೆಸ್ಸಿ, ಸೆಲಿನ್ ಇಳಿದಿದ್ದು ವೆಸ್ಟ್‌ಬಾನ್‌ಹೋಫ್‌ನಲ್ಲಿ, ಅಂದರೆ ಪಶ್ಚಿಮದ ನಿಲ್ದಾಣದಲ್ಲಿ. 'ವೆಸ್ಟ್‌ಬಾನ್' ಕಂಪನಿಯ ರೈಲುಗಳು ಈಗಲೂ ಅಲ್ಲಿಗೆ ಹೋಗುತ್ತವೆ, ಅದರಲ್ಲೇ ಟಿಕೆಟ್ ಮಾಡಿದ್ದೇನೆ. ಮಧ್ಯಾಹ್ನ ಇಳಿದು ಮೊದಲು ರೆಕಾರ್ಡ್ ಅಂಗಡಿ, ಶನಿವಾರ ಬಾಗಿಲು ಹಾಕುವ ಮೊದಲು. ಆಮೇಲೆ ಹತ್ತಿರದಲ್ಲೇ ಕಾಫೆ ಸ್ಪೆರ್ಲ್. 1880ರಿಂದ ಇರುವ ಕಾಫಿ ಮನೆ. ಸಿನಿಮಾದಲ್ಲಿ ಅವರಿಬ್ಬರೂ ಕೈಯನ್ನೇ ಫೋನು ಮಾಡಿಕೊಂಡು ತಮ್ಮ ತಮ್ಮ ಸ್ನೇಹಿತರಿಗೆ ಸುಳ್ಳುಸುಳ್ಳೇ ಕರೆ ಮಾಡುವ ದೃಶ್ಯ ತೆಗೆದಿದ್ದು ಅಲ್ಲೇ. ಒಂದು ಕಾಫಿ ತಗೊಂಡು ಎಷ್ಟು ಹೊತ್ತು ಕೂತರೂ ವಿಯೆನ್ನಾದ ಕಾಫಿ ಮನೆಗಳಲ್ಲಿ ಯಾರೂ ಏಳಿಸುವುದಿಲ್ಲ, ಅದು ಆ ಊರಿನ ದೊಡ್ಡ ಗುಣ.

ಸೂರ್ಯ ಮುಳುಗುವ ಹೊತ್ತಿಗೆ ಪ್ರಾಟರ್. ಜೂನ್‌ನಲ್ಲಿ ಅಲ್ಲಿ ಸಂಜೆ ಅಂದರೆ ಒಂಬತ್ತು ಗಂಟೆ. ಆ ಜಯಂಟ್ ವೀಲ್ 1897ರದ್ದು, ಸುಮಾರು 65 ಮೀಟರ್ ಎತ್ತರ. ಮೊದಲು ಮೂವತ್ತು ಡಬ್ಬಿ ಇದ್ದವು, ಎರಡನೇ ಮಹಾಯುದ್ಧದಲ್ಲಿ ಸುಟ್ಟುಹೋಗಿ ಮತ್ತೆ ಕಟ್ಟಿದಾಗ ಹದಿನೈದೇ ಹಾಕಿದರು. ಜೆಸ್ಸಿ, ಸೆಲಿನ್ ಮೊದಲ ಸಲ ಮುತ್ತು ಕೊಟ್ಟುಕೊಂಡಿದ್ದು ಅದರೊಳಗೆ. ಅದಾದ ಮೇಲೆ ಪಟ್ಟಿ ಇಲ್ಲ. ನಡೆಯುವುದು, ಅಷ್ಟೇ. ಶುಕ್ರವಾರ, ಶನಿವಾರ ರಾತ್ರಿ ಅಲ್ಲಿ ಮೆಟ್ರೋ ಇಡೀ ರಾತ್ರಿ ಓಡುತ್ತದೆ, ಕಾಲು ಸೋತರೆ ಹತ್ತಿ ಕೂರಬಹುದು. ಬೆಳಗ್ಗೆ ಐದರ ಸುಮಾರಿಗೆ ಸೂರ್ಯ ಹುಟ್ಟುವಾಗ ಅಲ್ಬರ್ಟೀನಾ ಮ್ಯೂಸಿಯಂ ಮುಂದಿನ ಮೆಟ್ಟಿಲಲ್ಲಿರಬೇಕು, ಅದೊಂದೇ ಗುರಿ. ಸ್ಟೇಷನ್ ಹತ್ತಿರ ಒಂದು ರೂಮನ್ನೂ ಮಾಡಿದ್ದೇವೆ, ಇಬ್ಬರು ಹೆಣ್ಣುಮಕ್ಕಳು ಅಂದಮೇಲೆ ಅಷ್ಟು ಎಚ್ಚರ ಬೇಕು.

ಅಮ್ಮನಿಗೆ ಹೇಳಿದಾಗ, "ರಾತ್ರಿಯೆಲ್ಲಾ ಬೀದಿ ಸುತ್ತೋಕೆ ಅಷ್ಟು ದೂರ ಹೋಗಬೇಕೇನೇ?" ಅಂದಳು. ಹೌದಮ್ಮ, ಹೋಗಬೇಕು. ಇವಳು ಮದುವೆಯಾಗಿ, ನಾನು ಇಲ್ಲಿಗೆ ಬಂದು, ನಾವಿಬ್ಬರೂ ಗಡಿಯಾರ ನೋಡದೆ ಮಾತಾಡಿ ಆರು ವರ್ಷ ಆಯಿತು. ವಿಡಿಯೋ ಕಾಲ್‌ನಲ್ಲಿ ಒಂದು ಕಡೆ ಕುಕ್ಕರ್ ಕೂಗುತ್ತದೆ, ಇನ್ನೊಂದು ಕಡೆ ಮೀಟಿಂಗ್ ಶುರುವಾಗುತ್ತದೆ.

ಇನ್ನೊಂದು ವಿಷಯ ಹೇಳಲೇಬೇಕು. ಈ ಸಿನಿಮಾಕ್ಕೆ ಮೂಲ ಲಿಂಕ್ಲೇಟರ್‌ನದೇ ಒಂದು ರಾತ್ರಿ. 1989ರಲ್ಲಿ ಫಿಲಡೆಲ್ಫಿಯಾದಲ್ಲಿ ಒಬ್ಬ ಹುಡುಗಿಯ ಜೊತೆ ಹಾಗೇ ರಾತ್ರಿಯಿಡೀ ಊರು ಸುತ್ತಿದ್ದ. ಆಮೇಲೆ ಸಂಪರ್ಕ ತಪ್ಪಿತು. ಸಿನಿಮಾ ತೆರೆಗೆ ಬರುವ ಮೊದಲೇ, 1994ರಲ್ಲಿ, ಆಕೆ ಬೈಕ್ ಅಪಘಾತದಲ್ಲಿ ತೀರಿಕೊಂಡಿದ್ದಳು. ಅವನಿಗೆ ಇದು ಗೊತ್ತಾಗಿದ್ದು ಎಷ್ಟೋ ವರ್ಷ ಕಳೆದ ಮೇಲೆ. ಮೂರನೇ ಸಿನಿಮಾವನ್ನು ಆಕೆಗೇ ಅರ್ಪಿಸಿದ್ದಾನೆ.

ಇದನ್ನು ಓದಿದ ದಿನವೇ ತಂಗಿಗೆ ಟಿಕೆಟ್ ಮಾಡು ಅಂದಿದ್ದು ನಾನು. ಸಿನಿಮಾದಲ್ಲಿ ಆ ರಾತ್ರಿ ಜೂನ್ 16. ಈ ಸಲ ಅದು ವಾರದ ನಡುವೆ ಬರುತ್ತದೆ, ರಜೆ ಸಿಗಲಿಲ್ಲ, ಹಾಗಾಗಿ ಮೂರು ದಿನ ಮೊದಲೇ ಹೋಗುತ್ತಿದ್ದೇವೆ. ನಿನ್ನೆ ಅವಳ ಮೆಸೇಜ್ ಬಂತು. "ಅಕ್ಕಾ, ಸ್ಮಶಾನಕ್ಕೂ ಹೋಗೋಣ್ವಾ?" ಭಾನುವಾರ ಬೆಳಗಿನ ಬಸ್ಸಿನ ಟೈಮು ನೋಡಿಟ್ಟಿದ್ದೇನೆ. ಬರುವಾಗ ಚನ್ನಪಟ್ಟಣದ ಒಂದು ಪುಟ್ಟ ಮರದ ಬೊಂಬೆ ತಗೊಂಡು ಬಾ ಅಂತ ಹೇಳಿದೆ.