ನೀನು ಹೇಗೆ ಮಾಡಿದೆ, ತೋರಿಸು

ಸಂಜೆ ಆರೂವರೆ ಆದರೆ ನಮ್ಮ ಬೀದಿಯ ಮಕ್ಕಳು ಪುಸ್ತಕ ಹಿಡಿದು ನಮ್ಮ ಜಗಲಿಗೆ ಬರುತ್ತಾರೆ. ಟ್ಯೂಷನ್ ಅಲ್ಲ, ಫೀಸೂ ಇಲ್ಲ. ಸುಮ್ನೆ ಡೌಟ್ ಕೇಳೋಕೆ. ಒಬ್ಬರದು ಗಣಿತ, ಒಬ್ಬರದು ವ್ಯಾಕರಣ, ಇನ್ನೊಬ್ಬರದು ಸಮಾಜ.

ಮೊದಲೆಲ್ಲ ಕೇಳಿದ ತಕ್ಷಣ ಉತ್ತರ ಹೇಳಿಬಿಡುತ್ತಿದ್ದೆ. ಬರೆದುಕೊಂಡು ಹೋಗುತ್ತಿದ್ದರು. ವಾರ ಕಳೆದರೆ ಅದೇ ಲೆಕ್ಕ, ಅದೇ ತಪ್ಪು. ಬರೀ ಉತ್ತರ ಬೇಕಿದ್ದರೆ ಗೈಡ್ ಇದೆ, ಮೊಬೈಲ್ ಇದೆ. ಮಗು ಎಲ್ಲಿ ದಾರಿ ತಪ್ಪಿತು ಅನ್ನೋದನ್ನು ನೋಡೋಕೆ ಯಾರಾದರೂ ಪಕ್ಕದಲ್ಲಿ ಕೂರಬೇಕು. ಹಾಗಾಗಿ ಈಗ ನಾನು ಮೊದಲು ಹೇಳುವುದು ಇಷ್ಟೇ: "ನೀನು ಹೇಗೆ ಮಾಡಿದೆ, ತೋರಿಸು."

ಮೊನ್ನೆ ಏಳನೇ ಕ್ಲಾಸಿನ ಹುಡುಗಿ 1/2ಕ್ಕೆ 1/3 ಕೂಡಿಸಿ 2/5 ಅಂತ ಬರೆದಿದ್ದಳು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. ಲ.ಸಾ.ಅ. ತೆಗಿ ಅಂದಿದ್ದರೆ ತೆಗೆಯುತ್ತಿದ್ದಳು, ಯಾಕೆ ಅಂತ ತಿಳಿಯುತ್ತಿರಲಿಲ್ಲ. ಒಳಗಿಂದ ಚಪಾತಿ ತಂದೆ. ಒಂದರಲ್ಲಿ ಅರ್ಧ, ಇನ್ನೊಂದರಲ್ಲಿ ಮೂರನೇ ಒಂದು ಪಾಲು ತಟ್ಟೆಗೆ ಹಾಕಿದೆ.

"ಐದು ಪಾಲಲ್ಲಿ ಎರಡು ಅಂದರೆ ಅರ್ಧಕ್ಕಿಂತ ಜಾಸ್ತಿನಾ, ಕಮ್ಮಿನಾ?"

"ಕಮ್ಮಿ." ತಟ್ಟೆ ನೋಡಿದಳು. "ಅಯ್ಯೋ ಆಂಟಿ, ಸೇರಿಸಿದ ಮೇಲೆ ಕಮ್ಮಿ ಹೇಗಾಯ್ತು?"

ಅರ್ಧವನ್ನು ಮೂರು ತುಂಡು, ಇನ್ನೊಂದನ್ನು ಎರಡು ತುಂಡು ಮಾಡಿಸಿದೆ. ಐದೂ ಒಂದೇ ಅಳತೆ. ಇಡೀ ಚಪಾತಿಗೆ ಅಂಥವು ಆರು. 5/6 ಅಂತ ಬರೆದದ್ದು ಅವಳೇ.

ವ್ಯಾಕರಣವೂ ಹಾಗೇ. ಮಳೆ, ಕಾಲ ಸೇರಿ ಮಳೆಗಾಲ. ಆದೇಶ ಸಂಧಿ ಅಂತ ಬಾಯಿಪಾಠ ಮಾಡಿರುತ್ತಾರೆ. ಗಂಟಲ ಮೇಲೆ ಬೆರಳಿಟ್ಟುಕೊಂಡು ನಿಧಾನವಾಗಿ ಹೇಳಿ ನೋಡಿ ಅಂದೆ. 'ಮಳೆಕಾಲ' ಅಂದರೆ ಗಂಟಲಿನ ಅದುರು ನಡುವೆ ಕಡಿಯುತ್ತದೆ. 'ಮಳೆಗಾಲ' ಅಂದರೆ ಹಾಗೇ ಮುಂದುವರಿಯುತ್ತದೆ. "ಇದು ವಿಜ್ಞಾನದ ಶಬ್ದದ ಪಾಠದಲ್ಲಿದೆ ಅಲ್ವಾ?" ಅಂದ ಒಬ್ಬ. ಹೌದು ಕಣೋ, ಅದೇ ಕಂಪನ!

ನನ್ನನ್ನು ನಿಲ್ಲಿಸಿದ್ದು ಮಾತ್ರ ಒಂಬತ್ತನೇ ಕ್ಲಾಸಿನ ಹುಡುಗ. "ದತ್ತು ಮಗನಿಗೆ ರಾಜ್ಯದ ಹಕ್ಕಿಲ್ಲ ಅನ್ನೋದು ಗವರ್ನರ್ ಜನರಲ್ ಡಾಲ್‌ಹೌಸಿಯ ನೀತಿ. ಅವನು ಬಂದಿದ್ದು 1848ರಲ್ಲಿ. ಅದೇ ನೆಪ ಹೇಳಿ ಬ್ರಿಟಿಷರು ಕಿತ್ತೂರಿನ ಮೇಲೆ 1824ರಲ್ಲೇ ಹೇಗೆ ಬಂದರು?" ನನಗೆ ಗೊತ್ತಿರಲಿಲ್ಲ. ನಾಳೆ ಹೇಳ್ತೀನಿ ಅಂದೆ. ರಾತ್ರಿ ಕೂತು ಓದಿದೆ. ದತ್ತು ಒಪ್ಪದೆ ಸಂಸ್ಥಾನ ಕಬಳಿಸುವ ಚಾಳಿ ಈಸ್ಟ್ ಇಂಡಿಯಾ ಕಂಪನಿಗೆ ಮೊದಲೇ ಇತ್ತು. ಡಾಲ್‌ಹೌಸಿ ಅದನ್ನೇ ಗಟ್ಟಿ ನೀತಿ ಮಾಡಿ ಸತಾರಾ, ಝಾನ್ಸಿ, ನಾಗಪುರ ನುಂಗಿದ.

ಮರುದಿನ ಹೇಳಿದಾಗ ಅವನು ನೋಟ್ಸಿನಲ್ಲಿ ಎರಡೂ ಇಸವಿ ಅಕ್ಕಪಕ್ಕ ಬರೆದು, ನಡುವೆ ಒಂದು ಗೆರೆ ಎಳೆದ. ಆಮೇಲೆ ಕೇಳಿದ, "ಹಾಗಾದ್ರೆ ಆಂಟಿ, ಕಿತ್ತೂರಿಗಿಂತ ಮೊದಲು?"