ಆಸ್ಕರ್ನಿಷ್: ದಿಬ್ಬ ಕೆಡವದೆ ಮಾಡಿದ ಜೀರ್ಣೋದ್ಧಾರ

ಹಳೆಯ ಗಾಲ್ಫ್ ಕೋರ್ಸನ್ನು ಜೀರ್ಣೋದ್ಧಾರ ಮಾಡುತ್ತಾರೆ ಅಂತ ಕೇಳಿದರೆ ನನಗೆ ಮೊದಲು ಆಗುವುದು ಭಯ. ನಮ್ಮಲ್ಲಿ ಹಳೇ ಗುಡಿಗೆ ಟೈಲ್ಸ್ ಹಾಕಿಸಿ, ಕಲ್ಲುಕಂಬಕ್ಕೆ ಆಯಿಲ್ ಪೇಂಟ್ ಬಳಿಯುತ್ತಾರಲ್ಲ, ಎಷ್ಟೋ ಕೋರ್ಸ್‌ಗಳಿಗೂ ಅದೇ ಗತಿ. ದಿಬ್ಬ ಮಟ್ಟ ಮಾಡಿ, ಪೈಪು ಹೂತು, ಎಲ್ಲೆಲ್ಲೂ ಒಂದೇ ಬಣ್ಣದ ಹಸಿರು.

ಆಸ್ಕರ್ನಿಷ್‌ನಲ್ಲಿ ಹಾಗಾಗಲಿಲ್ಲ. ಸ್ಕಾಟ್ಲೆಂಡಿನ ಪಶ್ಚಿಮಕ್ಕೆ, ಅಟ್ಲಾಂಟಿಕ್ ಗಾಳಿಗೆ ಮೈಯೊಡ್ಡಿ ನಿಂತ ಸೌತ್ ಯೂಯಿಸ್ಟ್ ದ್ವೀಪದಲ್ಲಿದೆ ಅದು. 1891ರಲ್ಲಿ ಅಲ್ಲಿನ ಜಮೀನ್ದಾರಿಣಿ ಲೇಡಿ ಗಾರ್ಡನ್ ಕ್ಯಾತ್‌ಕಾರ್ಟ್ ಕರೆಸಿದ್ದು ಓಲ್ಡ್ ಟಾಮ್ ಮಾರಿಸ್ ಅವರನ್ನು. ಗಾಲ್ಫ್‌ನ ದೊಡ್ಡ ಪಂದ್ಯಾವಳಿಯಾದ ಓಪನ್ ಚಾಂಪಿಯನ್‌ಶಿಪ್ಪನ್ನು ನಾಲ್ಕು ಸಲ ಗೆದ್ದ, ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಊರಿನ ಈ ಹಿರಿಯ ಆಟಗಾರರಿಗೆ ಆಗಲೇ 70 ವರ್ಷ. ಆ ಕಾಲದಲ್ಲಿ ಕೋರ್ಸ್ ವಿನ್ಯಾಸ ಅಂದರೆ ನೆಲದ ಮೇಲೆ ನಡೆದು ನೋಡುವುದೇ. ಗಾಳಿ ಕಡೆದಿಟ್ಟ ಮರಳದಿಬ್ಬಗಳ ನಡುವೆ ಗ್ರೀನ್, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲು, ಆಗುವಂಥ ಜಾಗ ಯಾವುದು, ಚೆಂಡು ಎತ್ತ ಉರುಳುತ್ತದೆ, ಅಷ್ಟೇ.

ಮುಂದೆ ದಿಬ್ಬಗಳೊಳಗಿನ ಆ ಹೋಲ್‌ಗಳು, ಅಂದರೆ ಮೊದಲ ಹೊಡೆತದ ಜಾಗದಿಂದ ಕುಳಿಯವರೆಗಿನ ಆಟದ ಪಟ್ಟಿಗಳು, ಹುಲ್ಲಿನಲ್ಲಿ ಮುಚ್ಚಿಹೋದವು. ಊರಿನವರು ಪಕ್ಕದ ಸಮತಟ್ಟು ಜಾಗದಲ್ಲಿ ಚಿಕ್ಕ ಕೋರ್ಸ್ ಇಟ್ಟುಕೊಂಡು ಆಡುತ್ತಿದ್ದರು. 2005ರಲ್ಲಿ ಅದನ್ನು ನೋಡಲು ಬಂದ ಮೈದಾನ ತಜ್ಞ ಗಾರ್ಡನ್ ಇರ್ವಿನ್ ದಿಬ್ಬಗಳ ಕಡೆ ನಡೆದರು. ಹಳೆಯ ಕೋರ್ಸ್ ಅಲ್ಲೇ ಇರಬೇಕೆಂದು ಅವರಿಗೆ ಅನಿಸಿತು. ವಿನ್ಯಾಸಕ ಮಾರ್ಟಿನ್ ಈಬರ್ಟ್ ಜೊತೆಯಾದರು, ಊರವರೂ ಕೈಜೋಡಿಸಿದರು. 2008ರಲ್ಲಿ ಆಟ ಶುರುವಾಯಿತು. ಮುಖ್ಯ ಕೆಲಸ ಹುಲ್ಲು ಕತ್ತರಿಸುವುದು, ಮೊಲದ ಬಿಲ ಮುಚ್ಚುವುದು. ದಿಬ್ಬಗಳು ಇದ್ದ ಹಾಗೇ ಉಳಿದವು.

ಟಾಮ್ ಮಾರಿಸ್ ಗುರುತು ಹಾಕಿದ ನಕ್ಷೆ ಉಳಿದಿಲ್ಲ, ಹಾಗಾಗಿ ಇದು ಊಹೆಯ ಕೋರ್ಸು ಅನ್ನುವವರಿದ್ದಾರೆ. ಮಾತು ನಿಜ. ಅವರು ಇಟ್ಟ ಒಂದೊಂದು ಗ್ರೀನೂ ಇಲ್ಲೇ ಇತ್ತು ಅಂತ ಯಾರೂ ಆಣೆ ಮಾಡಲಾರರು. ಆದರೂ ನಾನು ಇದನ್ನು ಜೀರ್ಣೋದ್ಧಾರವೆಂದೇ ಕರೆಯುತ್ತೇನೆ. ಅವರು ನೋಡಿದ ನೆಲ ಹಾಗೇ ಇದೆ, ಅವರು ನಡೆದು ನೋಡಿದ ರೀತಿಯಲ್ಲೇ ಇವರೂ ಹುಡುಕಿದ್ದಾರೆ. ನಕ್ಷೆ ಕೈಯಲ್ಲಿಟ್ಟುಕೊಂಡೇ ಬುಲ್ಡೋಜರ್ ಹತ್ತಿಸಿದ ಕೋರ್ಸ್‌ಗಳಿಗಿಂತ ಇದು ಮೂಲಕ್ಕೆ ಎಷ್ಟೋ ಹತ್ತಿರ.

ಗಾಲ್ಫ್ ಪ್ರಿಯರು ಬೇಗ ದಾಟಿಸಿಬಿಡುವ ಇನ್ನೊಂದು ಸಂಗತಿಯಿದೆ. ಲೇಡಿ ಕ್ಯಾತ್‌ಕಾರ್ಟ್ ಅವರ ಮೊದಲ ಗಂಡನ ತಂದೆ ಕರ್ನಲ್ ಗಾರ್ಡನ್ 1851ರಲ್ಲಿ ಈ ದ್ವೀಪಗಳ ಸಾವಿರಕ್ಕೂ ಹೆಚ್ಚು ಬಡ ಒಕ್ಕಲುಗಳನ್ನು ಹಡಗು ಹತ್ತಿಸಿ ಕೆನಡಾಕ್ಕೆ ಅಟ್ಟಿದವನು. ಅಂಥ ನೆಲದಲ್ಲಿ ಮತ್ತೆ ಗಾಲ್ಫ್ ಬರುತ್ತದೆ ಅಂದಾಗ ಕೆಲವು ಕ್ರಾಫ್ಟರ್‌ಗಳು, ಅಂದರೆ ಅಲ್ಲಿನ ಸಣ್ಣ ಹಿಡುವಳಿದಾರರು, ನಮ್ಮ ಮೇವಿನ ಹಕ್ಕು ಏನಾಯಿತು ಅಂತ ಕೋರ್ಟಿಗೆ ಹೋದರು. ಅವರನ್ನು ಆಟಕ್ಕೆ ಅಡ್ಡ ಬಂದವರು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಕೇಳಲೇಬೇಕಾದ ಪ್ರಶ್ನೆ ಅದು. 2006ರಲ್ಲಿ ದ್ವೀಪದ ಜನರೇ ಸೇರಿ ಆ ಜಮೀನ್ದಾರಿ ಎಸ್ಟೇಟನ್ನು ಕೊಂಡುಕೊಂಡರು ಅನ್ನುವುದೂ ನನಗೆ ಕೋರ್ಸ್ ಮರಳಿ ಬಂದಷ್ಟೇ ದೊಡ್ಡ ಸುದ್ದಿ. ಈಗ ಚಳಿಗಾಲದಲ್ಲಿ ದನ, ಕುರಿ ಆ ಕೋರ್ಸಿನ ಮೇಲೇ ಮೇಯುತ್ತವೆ. ಹುಲ್ಲಿಗೆ ಕೀಟನಾಶಕ ಹೊಡೆಯುವುದಿಲ್ಲ.